ಕಿವಿ ಕೇಳದವರನ್ನು ಕೇಳಬೇಡವೆ?

ಕನ್ನಡದ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು: ಆಲಿಸುವುದು ಒಂದು, ಪ್ರಶ್ನಿಸುವುದು ಮತ್ತೊಂದು. ಚಿಕಿತ್ಸೆಯಲ್ಲಿ ಇವೆರಡೂ ಒಟ್ಟಿಗಿರಬೇಕೆಂಬ ಪಾಠವನ್ನು ನಾವು ಮನೆಯಲ್ಲಿಯೇ, ತುಸು ತಡವಾಗಿ, ಕಲಿಯಬೇಕಾಯಿತು.

ನಮ್ಮ ಮನೆಯ ಹಿರಿಯರೊಬ್ಬರಿಗೆ ಶ್ರವಣಶಕ್ತಿ ಕುಂದಿತು. ತಜ್ಞರು ಪರೀಕ್ಷಿಸಿ, ಹೆಚ್ಚು ಶಕ್ತಿ ಉಳಿದಿದ್ದ ಬಲಗಿವಿಗೆ ಶ್ರವಣಯಂತ್ರವನ್ನು ಅಳವಡಿಸಿದರು. ಅಳತೆಯಲ್ಲಿ ದೋಷವೇನೂ ಇರಲಿಲ್ಲ. ಭೌತಶಾಸ್ತ್ರವನ್ನು ಬೋಧಿಸುವ ನಾವಾದರೋ ಡೆಸಿಬೆಲ್ಲಿನ ಲೆಕ್ಕವನ್ನು ಉತ್ಸಾಹದಿಂದ ವಿವರಿಸಿದೆವು: 10 ಡೆಸಿಬೆಲ್ ಏರಿದರೆ ಧ್ವನಿಯ ತೀವ್ರತೆ 10 ಮಡಿ, 20 ಏರಿದರೆ 100 ಮಡಿ. ತಿಂಗಳೊಳಗಾಗಿ ಯಂತ್ರ ಬೀರುವನ್ನು ಸೇರಿತು. ‘ನಿಮಗೆ ಏನು ಕೇಳಿಸಬೇಕು?’ ಎಂದು ನಾವು ಕೇಳಿದ್ದು ಆಮೇಲೆ. ಉತ್ತರ ಸರಳವಾಗಿತ್ತು: ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಜೊತೆಗೆ ನಡೆಯುವ ಗೆಳೆಯರ ಮಾತು ಕೇಳಿಸಬೇಕು, ಅಷ್ಟೆ. ಆ ಗೆಳೆಯರು ನಡೆಯುತ್ತಿದ್ದುದು ಎಡಗಡೆಗೆ!

ಇಲ್ಲಿನ ತೊಡಕು ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಆದುದರಿಂದ 4000 ಹರ್ಟ್ಸ್ ಆವೃತ್ತಿಯ ಶಬ್ದದ ತರಂಗದೂರ ಸುಮಾರು 8.5 ಸೆಂಟಿಮೀಟರ್, ಇದು ತಲೆಯ ಅಗಲಕ್ಕಿಂತ ಕಡಮೆ. ಇಂಥ ತರಂಗಗಳು ತಲೆಯನ್ನು ಬಳಸಿಕೊಂಡು ಸುಲಭವಾಗಿ ಬಾಗಲಾರವು. ಆಚೆಯ ಕಿವಿ ತಲೆಯ ನೆರಳಿನಲ್ಲಿ ಉಳಿಯುತ್ತದೆ. ‘ಸ’, ‘ಶ’ ಮೊದಲಾದ ವ್ಯಂಜನಗಳ ಶಕ್ತಿ ಬಹುಮಟ್ಟಿಗೆ ಇಂಥ ಉನ್ನತ ಆವೃತ್ತಿಗಳಲ್ಲಿಯೇ ಇದೆ. ಗೆಳೆಯರು ಬಲಬದಿಗೆ ಬಂದರು. ಯಂತ್ರವೂ ಬೀರುವಿನಿಂದ ಹೊರಬಂದಿತು.

ಇದರಿಂದ ಅಳತೆಯೇ ವ್ಯರ್ಥವೆಂದು ಯಾರೂ ಭಾವಿಸಬಾರದು. ಕಿವಿ ಎಷ್ಟು ಮಂದವಾಗಿದೆ ಎಂಬುದನ್ನು ಶ್ರವಣನಕ್ಷೆಯಲ್ಲದೆ ಬೇರೇನೂ ಅಷ್ಟು ಖಚಿತವಾಗಿ ಹೇಳಲಾರದು. ಆದರೆ ಒಂದೇ ನಕ್ಷೆಯುಳ್ಳ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬರು ತರಕಾರಿ ವ್ಯಾಪಾರಿ. ಮಾರುಕಟ್ಟೆಯ ಗದ್ದಲದ ನಡುವೆ ಗಿರಾಕಿಯ ಮಾತು ಅವರಿಗೆ ತಿಳಿಯಬೇಕು. ಇನ್ನೊಬ್ಬರು ವೀಣೆಯ ಅಧ್ಯಾಪಕರು. ಮಾತಿಗೆಂದು ಹೊಂದಿಸಿದ ಯಂತ್ರ ಅವರ ಕಿವಿಗೆ ತಂತಿಯ ನಾದವನ್ನು ಕೆಡಿಸಿಬಿಡಬಹುದು. ಇಬ್ಬರ ಕಿವಿ ಒಂದೇ, ಬಾಳು ಬೇರೆ. ಚಿಕಿತ್ಸೆ ಒಂದೇ ಆದೀತೆ?

1997ರಲ್ಲಿ ಆಸ್ಟ್ರೇಲಿಯದ ಹಾರ್ವೆ ಡಿಲ್ಲನ್ ಮತ್ತು ಅವರ ಸಂಗಡಿಗರು ಈ ತತ್ತ್ವವನ್ನೇ ಒಂದು ಕ್ರಮವಾಗಿ ರೂಪಿಸಿ ಪ್ರಕಟಿಸಿದರು. ತನಗೆ ಚೆನ್ನಾಗಿ ಕೇಳಿಸಬೇಕಾದ ಸಂದರ್ಭಗಳನ್ನು, ಹೆಚ್ಚೆಂದರೆ ಐದನ್ನು, ರೋಗಿಯೇ ಮೊದಲು ಹೆಸರಿಸುತ್ತಾನೆ. ಯಾವುದು ಮುಖ್ಯ, ಯಾವುದು ಅನಂತರದ್ದು ಎಂಬುದನ್ನೂ ತಿಳಿಸುತ್ತಾನೆ. ಯಂತ್ರ ಫಲಿಸಿತೆ ಎಂಬುದರ ನಿರ್ಣಯ ಆ ಪಟ್ಟಿಯ ಮೇಲೆ. ಬೇಕಾದ ಉಪಕರಣ ಒಂದು ಹಾಳೆ, ಒಂದು ಲೇಖನಿ.

ರೋಗಿಗೆ ವಿಜ್ಞಾನ ತಿಳಿಯದು, ಅವನ ಇಚ್ಛೆಯಂತೆ ನಡೆದರೆ ಅಪಾಯ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಅರ್ಧ ನಿಜ. ನೆಗಡಿಗೆ ಆಂಟಿಬಯಾಟಿಕ್ ಕೊಡಿರೆಂದು ರೋಗಿ ಒತ್ತಾಯಿಸಿದರೆ ವೈದ್ಯರು ಕೊಡಲಾಗದು. ಆ ಔಷಧ ವೈರಸ್ಸನ್ನು ನಾಶಮಾಡಲಾರದು. ಮಾರ್ಗವನ್ನು ಬಲ್ಲವರು ವೈದ್ಯರೇ. ಆದರೆ ಯಾವ ಊರಿಗೆ ಹೋಗಬೇಕೆಂಬುದನ್ನು ಪ್ರಯಾಣಿಕನೇ ಹೇಳಬೇಕು. ಇಷ್ಟು ಕೇಳಲು ಸಮಯವೆಲ್ಲಿ ಎಂಬ ಮಾತೂ ಉಂಟು. ಹೊರರೋಗಿಗಳ ಸಾಲು ಉದ್ದವೆಂಬುದನ್ನು ನಾವು ಬಲ್ಲೆವು. ಆದರೂ ಬೀರುವಿನಲ್ಲಿ ಮಲಗುವ ಯಂತ್ರಕ್ಕೆ ತಗಲಿದ ಹಣ ಮತ್ತು ಶ್ರಮದ ಮುಂದೆ ಐದು ನಿಮಿಷದ ಪ್ರಶ್ನೆ ದುಬಾರಿಯಲ್ಲ.

1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾದದ್ದು ನಮ್ಮ ಮೈಸೂರಿನಲ್ಲಿಯೇ. ವಾಚಕರಲ್ಲಿ ಕೆಲವರು ಮುಂದೆ ಅಲ್ಲಿಗೋ ವೈದ್ಯಕೀಯ ಕಾಲೇಜಿಗೋ ಸೇರುವವರಿದ್ದೀರಿ. ಅಳೆಯುವುದನ್ನು ನಿಷ್ಠೆಯಿಂದ ಕಲಿಯಿರಿ. ಆದರೆ ಅಳತೆಗೆ ಮುನ್ನ ಎದುರಿಗೆ ಕುಳಿತವರನ್ನು ಒಮ್ಮೆ ಕೇಳಿರಿ. ಅವರು ಹೇಳುವುದನ್ನು ಕೊನೆಯವರೆಗೂ ಕೇಳಿರಿ.