ಹಿರಿಯರ ಕೋಣೆಯಲ್ಲಿ ಕ್ಯಾಮೆರಾ: ಮೊದಲು ಅವರನ್ನು ಕೇಳೋಣ

ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಉದ್ಯೋಗದಲ್ಲಿದ್ದು, ವಯಸ್ಸಾದ ತಂದೆತಾಯಿಗಳು ಊರಿನ ಮನೆಯಲ್ಲಿಯೇ ಉಳಿಯುವುದು ಈಗ ಸಾಮಾನ್ಯವಾಗಿದೆ. ಹಬ್ಬಕ್ಕೆ ಬಂದ ಮಗನು ಗೋಡೆಗೊಂದು ಕ್ಯಾಮೆರಾ ಕೂರಿಸಿ, ಅದನ್ನು ತನ್ನ ಮೊಬೈಲಿಗೆ ಜೋಡಿಸಿಕೊಂಡು ಹೊರಡುತ್ತಾನೆ. ಆತನ ಕಾಳಜಿಯನ್ನು ನಾವು ಶಂಕಿಸುವುದಿಲ್ಲ. ಕೂರಿಸುವ ಮೊದಲು ಹಿರಿಯರನ್ನು ಒಂದು ಮಾತು ಕೇಳಿದನೇ ಎಂಬುದಷ್ಟೇ ನಮ್ಮ ಪ್ರಶ್ನೆ.

ನಮಗೆ ಪರಿಚಿತವಾದ ಒಂದು ಮನೆಯಲ್ಲಿ 78 ವರ್ಷದ ತಾಯಿಯ ಮಲಗುವ ಕೋಣೆಗೆ ಹೀಗೆಯೇ ಕ್ಯಾಮೆರಾ ಬಂದಿತು. ಆಕೆ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಸೀರೆ ಬದಲಿಸುವುದು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದು ಎಲ್ಲವೂ ಬಚ್ಚಲುಮನೆಯಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು. ಒಂದು ಮುಂಜಾನೆ ಎಣ್ಣೆಯ ಕಾಲು ಒದ್ದೆ ನೆಲದ ಮೇಲೆ ಜಾರಿ ಸೊಂಟದ ಮೂಳೆ ಮುರಿಯಿತು. ಮಗನ ಮೊಬೈಲಿನಲ್ಲಿ ಆ ಹೊತ್ತಿಗೆ ಕಾಣುತ್ತಿದ್ದುದು ಬರಿದಾದ ಮಂಚ. ಹಾಲು ಹಾಕಲು ಬಂದವರು ನರಳಾಟ ಕೇಳಿ ಬಾಗಿಲು ಒಡೆದರು. ಸಂಕೋಚವೇ ಆಕೆಯನ್ನು ಅಪಾಯದ ಜಾಗಕ್ಕೆ ಅಟ್ಟಿತ್ತು. ಖಾಸಗಿತನ ಬೇಕೋ ಸುರಕ್ಷತೆ ಬೇಕೋ ಎಂದು ತಕ್ಕಡಿ ಹಿಡಿಯುವವರ ಮಾತನ್ನು ನಾವು ಒಪ್ಪದಿರುವುದು ಇದರಿಂದಲೇ.

ಮುಪ್ಪಿನಲ್ಲಿ ಖಾಸಗಿತನವೇಕೆ ಎನ್ನುವವರೂ ಉಂಟು. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತಷ್ಟೆ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ! ಆದರೂ ಒಂದು ಮಾತು ತಿಳಿದಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯೊಬ್ಬನು ತನ್ನ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿರಿಸಿದೆ. ಹಾಗಾಗಿ ತಾಯಿಯ ಒಪ್ಪಿಗೆ ಪಡೆಯಬೇಕೆಂದು ಮಗನಿಗೆ ಆ ಕಾಯ್ದೆ ಹೇಳುವುದಿಲ್ಲ, ಮಗನಿಗೇ ತೋಚಬೇಕು.

ಮಗನೊಬ್ಬನೇ ನೋಡುತ್ತಾನೆಂಬ ಖಾತರಿಯೂ ಇಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ಜಗತ್ತಿನಾದ್ಯಂತ ವಶಪಡಿಸಿಕೊಂಡಿತು. ಕೂರಿಸಿದ ದಿನವೇ ಪಾಸ್‌ವರ್ಡ್ ಬದಲಿಸಬೇಕು. ಜೋಡಿಸಲು ಬಂದ ಹುಡುಗನಿಗೆ ಅದು ತಿಳಿದಿರಬಾರದು.

ಹಾಗಾದರೆ ಮಾಡುವುದೇನು? ಕ್ಯಾಮೆರಾ ಇಡಬಾರದ ಬಚ್ಚಲುಮನೆಯೇ ಜಾರಿ ಬೀಳುವ ಜಾಗವೂ ಹೌದು. ಮೊದಲ ಹಣ ಅಲ್ಲಿಗೆ ಖರ್ಚಾಗಲಿ: ಗೋಡೆಗೆ ಹಿಡಿದುಕೊಳ್ಳುವ ಕಂಬಿ, ಜಾರದ ಹಾಸು, ಹೊರಗಿನಿಂದಲೂ ತೆರೆಯಬಲ್ಲ ಚಿಲಕ, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಅನಂತರ ಕೊರಳಿಗೆ ಹಾಕಿಕೊಳ್ಳುವ ಕರೆಗುಂಡಿ, ಇಲ್ಲವೆ ಬಿದ್ದುದನ್ನು ಗುರುತಿಸುವ ಕೈಗಡಿಯಾರ. (ಇದನ್ನು ಚಾರ್ಜ್ ಮಾಡಲು ಮರೆತರೆ ಪ್ರಯೋಜನವಿಲ್ಲ, ಒಮ್ಮೊಮ್ಮೆ ಬೀಳದಿದ್ದರೂ ಕೂಗಿಕೊಳ್ಳುತ್ತದೆ.) ಚಿತ್ರ ತೆಗೆಯದೆ ಚಲನೆಯನ್ನಷ್ಟೇ ಗ್ರಹಿಸುವ ಸೆನ್ಸರ್‌ಗಳಿವೆ. ಬೆಳಿಗ್ಗೆ ಎಂಟಾದರೂ ಅಡುಗೆಮನೆಯಲ್ಲಿ ಯಾರೂ ಓಡಾಡಿಲ್ಲವೆಂದು ಅವು ತಿಳಿಸಿದರೆ ಸಾಕಲ್ಲವೆ? ಕ್ಯಾಮೆರಾ ಬೇಕೆಂದು ಹಿರಿಯರೇ ಒಪ್ಪಿದರೆ ಅದು ಮುಂಬಾಗಿಲಿಗಿರಲಿ, ಆರಿಸುವ ಸ್ವಿಚ್ ಅವರ ಕೈಗೆಟಕುವಂತಿರಲಿ. ಮರೆವಿನ ಕಾಯಿಲೆ ಆರಂಭವಾಗಿದ್ದರೆ, ಅರಿವು ತಿಳಿಯಾಗಿರುವಾಗಲೇ ಅವರ ಇಚ್ಛೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ಸಂಗತಿ. ಕರೆಗುಂಡಿ ಒತ್ತಿದಾಗ ಫೋನ್ ಮೊಳಗುವುದು ಅಮೆರಿಕದಲ್ಲಾದರೆ ಇಲ್ಲಿ ಬಾಗಿಲು ತೆರೆಯುವವರು ಯಾರು? ಆ ತಾಯಿಯ ಮನೆಯ ಬೀಗದ ಕೈ ಈಗ ಪಕ್ಕದ ಮನೆಯಲ್ಲೊಂದು ಇರುತ್ತದೆ. ಯಾರಿಗೆ ಕೊಡಬೇಕೆಂದು ಈ ಬಾರಿ ಮಗ ಆಕೆಯನ್ನೇ ಕೇಳಿದ.