ಹಳಿ ಉಜ್ಜುವವರ ಜೊತೆ ಒಂದು ಜಗಳ

ಮಾಡೆಲ್ ರೈಲು ತಡವರಿಸ್ತಿದೆ ಅಂದ್ರೆ ಸಾಕು, "ಸ್ಯಾಂಡ್ ಪೇಪರ್ ತಗೊಂಡು ಹಳಿ ಉಜ್ಜು" ಅನ್ನೋ ಮಹಾನುಭಾವರ ಜೊತೆ ನನ್ನದೊಂದು ತಕರಾರಿದೆ.

ಸ್ವಾಮೀ, ಎಚ್‌ಓ ಅಳತೆಯ ಲೇಔಟಿನಲ್ಲಿ ೧೬.೫ ಮಿ.ಮೀ. ಅಂತರದ ಆ ಎರಡು ಹಳಿ ಬರೀ ದಾರಿಯಲ್ಲ, ವೈರೂ ಹೌದು. ಕರೆಂಟು ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟಾರಿಗೆ ಹೋಗ್ಬೇಕು. ಉಜ್ಜಿದ ದಿನ ಹಳಿ ಫಳಫಳ ಹೊಳೆಯುತ್ತೆ, ನಿಜ. ಆದ್ರೆ ಮೈತುಂಬಾ ಗೀರು! ಆ ಗೀರಿನೊಳಗೆ ಧೂಳು, ಎಣ್ಣೆಜಿಡ್ಡು ಕೂರುತ್ತೆ, ಗಾಲಿ ಕಿಡಿ ಹಾರಿಸಿ ಮಸಿ ಕಟ್ಟುತ್ತೆ. ಮತ್ತೆ ಉಜ್ಜಿ... ತುಕ್ಕು ಹಿಡಿದ ಹಳೇ ಉಕ್ಕಿನ ಹಳಿಯಾದ್ರೆ ಬೇರೆ ಮಾತು. ನಿಕಲ್ ಸಿಲ್ವರ್ ಹಳಿಗೆ ಯಾಕ್ರೀ ಈ ಶಿಕ್ಷೆ? (ಹೆಸರು ನೋಡಿ ಬೆಳ್ಳಿ ಅಂದ್ಕೋಬೇಡಿ, ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ.)

ನಾನು ಪವರ್ ಆಫ್ ಮಾಡಿ, ಕಿಟಕಿ ತೆಗೆದು, ಹಳೇ ಪಂಚೆ ಚೂರಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸ್ತೀನಿ. ಗಾಲಿಗಳನ್ನೂ ಒರೆಸ್ಬೇಕು. ಗಾಲಿ ಮಸಿ ಬಿಟ್ಟು ಹಳಿ ಮಾತ್ರ ಒರೆಸೋದಂದ್ರೆ ಸ್ನಾನ ಮಾಡಿ ಕೊಳೆ ಬಟ್ಟೆ ಹಾಕ್ಕೊಂಡ ಹಾಗೆ.

ಸುರಂಗದೊಳಗೆ ಕೈ ಹೋಗಲ್ವಾ? ಬೆಟ್ಟವನ್ನ ಎತ್ತಿಡೋ ಹಾಗೆ ಕಟ್ಟಬೇಕಿತ್ತು. ಅದಕ್ಕೂ ಹಳಿ ಮೇಲೆ ಸಿಟ್ಟು ತೀರಿಸ್ಕೊಳ್ಳೋದಾ?