ಎದೆಯ ನೀರಿಗೆ ಹೊಸ ನಳಿಕೆ

ಕ್ಯಾನ್ಸರಿನಿಂದ ಶ್ವಾಸಕೋಶದ ಸುತ್ತ ನೀರು ತುಂಬಿದವರಿಗೆ ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಸೂಜಿ ಹಾಕಿ ತೆಗೆದರೆ ಹಾಯೆನಿಸುತ್ತದೆ, ಬಹಳ ಸಲ ಕೆಲವೇ ದಿನಗಳಲ್ಲಿ ಮತ್ತೆ ತುಂಬುತ್ತದೆ. ಇದಕ್ಕೊಂದು ಹೊಸ ಸಾಧನ ಬಂದಾಗ ಎಷ್ಟು ಮಿಲಿಲೀಟರ್ ಹೊರಬಂತೆಂದು ಲೆಕ್ಕ ಇಡುವುದು ಸುಲಭ. ಬಾಟಲಿಯ ಮೇಲೆ ಗೆರೆಗಳೇ ಇರುತ್ತವೆ. ಉಸಿರಿನ ನಿರಾಳತೆಗೆ ಅಂಥ ಗೆರೆಗಳಿಲ್ಲ. ಆದರೂ ಅಳೆಯಬೇಕಾದದ್ದು ಅದನ್ನೇ.

2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಟೈಮ್-2 ಅಧ್ಯಯನ ಆ ಕೆಲಸ ಮಾಡಿತು. 106 ರೋಗಿಗಳಲ್ಲಿ ಒಂದು ಗುಂಪಿಗೆ ಎದೆಯಲ್ಲೇ ಉಳಿಯುವ, ಮನೆಯಲ್ಲಿ ಖಾಲಿ ಮಾಡಬಹುದಾದ ತೆಳು ನಳಿಕೆ. ಇನ್ನೊಂದಕ್ಕೆ ಟಾಲ್ಕ್ ಪುಡಿ ಹಾಕಿ ಶ್ವಾಸಕೋಶದ ಸುತ್ತಲಿನ ಪೊರೆಗಳನ್ನು ಅಂಟಿಸುವ ಹಳೆಯ ಚಿಕಿತ್ಸೆ. ಕಾಗದದ ಮೇಲೆ 100 ಮಿಲಿಮೀಟರ್ ಉದ್ದದ ಗೆರೆ: ಒಂದು ತುದಿ ಏದುಸಿರೇ ಇಲ್ಲ, ಇನ್ನೊಂದು ತುದಿ ತಡೆಯಲಾಗದಷ್ಟು. ರೋಗಿಯೇ ದಿನಾ ಅದರ ಮೇಲೆ ಗುರುತು ಹಾಕಬೇಕು. 42 ದಿನಗಳ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲ ಸಲದ ಆಸ್ಪತ್ರೆ ವಾಸ ಟಾಲ್ಕ್ ಗುಂಪಿನಲ್ಲಿ ಮಧ್ಯಾಂಕದ ಲೆಕ್ಕದಲ್ಲಿ 4 ದಿನ, ನಳಿಕೆಯವರಲ್ಲಿ ಸೊನ್ನೆ. ತೊಡಕುಗಳು ಮಾತ್ರ ನಳಿಕೆಯವರಲ್ಲೇ ಹೆಚ್ಚು: 52ರಲ್ಲಿ 21 ಮಂದಿಗೆ, ಟಾಲ್ಕ್‌ನಲ್ಲಿ 54ರಲ್ಲಿ 7. ಹಾಗಾದರೆ ಯಾವುದು ಮೇಲು? ಉಳಿದಿರುವುದೇ ಕೆಲವು ತಿಂಗಳು ಎಂದಾಗ ಆ ನಾಲ್ಕು ದಿನಕ್ಕೆ ಎಷ್ಟು ಬೆಲೆ ಕಟ್ಟಬೇಕೆಂದು ರೋಗಿಯೇ ಹೇಳಬೇಕು, ಸಂಖ್ಯಾಶಾಸ್ತ್ರ ಹೇಳಲಾರದು.

ನಳಿಕೆಗೆ ಸಿಲ್ವರ್ ನೈಟ್ರೇಟ್ ಲೇಪಿಸಿದರೆ ಪೊರೆಗಳು ಬೇಗ ಅಂಟಿಕೊಂಡು ಅದನ್ನು ತೆಗೆದುಹಾಕಬಹುದು ಎಂಬ ಯೋಚನೆಯೂ ಬಂತು. ತರ್ಕ ಸೊಗಸಾಗಿತ್ತು, ಪ್ರಾಣಿಗಳಲ್ಲಿ ಫಲವೂ ಕಂಡಿತು. ಮನುಷ್ಯರಲ್ಲಿ ಸಾದಾ ನಳಿಕೆಯ ಎದುರು ನಿಲ್ಲಿಸಿದಾಗ ಮೇಲುಗೈ ಸಾಧಿಸಲಿಲ್ಲ. ಅಗ್ಗದ ಹಳೆಯದರ ಜೊತೆ ಹೋಲಿಸದೆ ಹೊಸದನ್ನು ಹೊಗಳುವುದು ಜಾಹೀರಾತು.

ನಮ್ಮಲ್ಲಿ ಇನ್ನೂ ಎರಡು ತಕರಾರುಗಳಿವೆ. ಎದೆಯ ನೀರಿಗೆ ಇಲ್ಲಿ ಕ್ಷಯವೂ ದೊಡ್ಡ ಕಾರಣ. ಅದು ಸಾಮಾನ್ಯವಾಗಿ ಮಾತ್ರೆಗಳಿಂದಲೇ ಇಳಿಯುತ್ತದೆ, ಕ್ಯಾನ್ಸರ್ ರೋಗಿಗಳ ಫಲಿತಾಂಶವನ್ನು ಅಲ್ಲಿಗೆ ಎಳೆದು ತರುವಂತಿಲ್ಲ. ಎರಡನೆಯದು, ನಳಿಕೆಗೆ ಜೋಡಿಸಿ ನೀರೆಳೆಯುವ ನಿರ್ವಾತ ಬಾಟಲಿ ಒಮ್ಮೆ ತುಂಬಿದರೆ ಬಿಸಾಡಬೇಕು. ಬ್ರಿಟನ್ನಿನಲ್ಲಿ ಅದನ್ನು ಜೋಡಿಸಲು ನರ್ಸ್ ಮನೆಗೇ ಬರುವುದುಂಟು, ಇಲ್ಲಿ ಹೆಚ್ಚಾಗಿ ಹೆಂಡತಿಯೋ ಮಗಳೋ ಕೈ ತೊಳೆದು ಕೂರಬೇಕು. ಭಾರತದ 2017ರ ವೈದ್ಯಕೀಯ ಸಾಧನಗಳ ನಿಯಮಗಳು ನೋಡುವುದು ಸುರಕ್ಷತೆ ಮತ್ತು ಕಾರ್ಯಕ್ಷಮತೆಯನ್ನು. ಮನೆಯ ಖರ್ಚು, ದುಡಿಮೆ ಆ ಕಡತದಲ್ಲಿಲ್ಲ. ಆಸ್ಪತ್ರೆಗಳು ಇಂಥ ಸಾಧನ ಕೊಳ್ಳುವ ಮೊದಲು ತಿಂಗಳ ಬಾಟಲಿ ಖರ್ಚೆಷ್ಟು, ಸೋಂಕಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮಾರುವವರಿಂದ ಬರೆಸಿಕೊಳ್ಳಲಿ.